ದನಿ ಏರದ ಮನೆ

ಚಿಕ್ಕೇರೂರಿನ ಚನ್ನೇಶನ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ. ಕೆಳಗೆ ಜಮಾದಾರ ಎಂಬ ಹೋರಿ ನಿಂತಿರುತ್ತಿತ್ತು. ದೀಪಾವಳಿಯ ಹೋರಿ ಹಬ್ಬಕ್ಕೆಂದು ಚನ್ನೇಶ ಅದನ್ನು ಕರುವಿದ್ದಾಗಿನಿಂದ ಪಳಗಿಸಿದ್ದ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಬಿಟ್ಟರೆ, ಹರಿದುಕೊಳ್ಳಲು ಮುಗಿಬೀಳುವ ಜನರ ಕೈಗೆ ಒಂದು ಕೊಬ್ಬರಿ ಬಟ್ಟಲೂ ಸಿಗದಂತೆ ಅದು ಪಾರಾಗಬೇಕು. ಅದಕ್ಕೆ ಕಲಿಸಿದ್ದು ಒಂದೇ ಪಾಠ. ಮನುಷ್ಯರು ಚೀರಿದರೆ ಜಿಗಿಯಬೇಕು.

ಹೀಗಾಗಿ ಗಂಡ ಹೆಂಡತಿ ಜಗಳವನ್ನೂ ಪಿಸುಮಾತಿನಲ್ಲೇ ಆಡುತ್ತಿದ್ದರು. ನಿಮ್ಮ ಮನೆಯ ಜಗಳ ಲಗ್ನದ ಮಾತುಕತೆಯ ಹಾಗೆ ಕೇಳಿಸುತ್ತದೆಂದು ಪಕ್ಕದ ಮನೆಯ ಫಕ್ಕೀರೇಶ ನಗುತ್ತಿದ್ದ.

ಜಗಳವೆಲ್ಲ ಹೋರಿಯದೇ. ಹೆಂಡತಿ ಶ್ವೇತಾ ಸವಣೂರು ಪೇಟೆಯಲ್ಲಿ ಬೆಳೆದವಳು. ಮಗಳು ಐಶ್ವರ್ಯ ಅಂಬೆಗಾಲಿಡಲು ಶುರುಮಾಡಿದ ಮೇಲೆ, ಮನೆಯಲ್ಲಿ ಹೋರಿ ಇರಬೇಕು ಇಲ್ಲವೇ ನಾನಿರಬೇಕು ಎಂದು ಹಟ ಹಿಡಿದಳು. ಚನ್ನೇಶ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಒಪ್ಪಿಕೊಂಡ.

"ಈ ದೀಪಾವಳಿ ಒಂದು ಓಡಿಸ್ತೇನಿ. ಆಮ್ಯಾಲೆ ಹತ್ತಿಮತ್ತೂರಿನವ್ರಿಗೆ ಕೊಟ್ಟುಬಿಡ್ತೇನಿ. ಈಗ ಸುಮ್ನಿರು, ಅದು ಕೇಳಿಸ್ಕೊಳ್ಳಾಕತ್ತೇತಿ."

ಮಗು ಕೆಳಗೆ ಇಳಿಯದಿರಲೆಂದು ಅವನೇ ಮೆಟ್ಟಿಲಿಗೆ ಅಡ್ಡ ಹಲಗೆ ಇಟ್ಟಿದ್ದ. ಹಬ್ಬ ಇನ್ನೇನು ಬಂತೆನ್ನುವಾಗ ಒಂದು ಬೆಳಿಗ್ಗೆ ಕಸ ಗುಡಿಸಲು ಶ್ವೇತಾ ಅದನ್ನು ಸರಿಸಿದಳು. ಮತ್ತೆ ಇಡಲು ಮರೆತಳು. ರೊಟ್ಟಿ ಬಡಿದು ಹೊರಗೆ ಬಂದಾಗ ಪಡಸಾಲೆಯಲ್ಲಿ ಹಾಸಿದ್ದ ಕೌದಿಯ ಮೇಲೆ ಮಗು ಇರಲಿಲ್ಲ.

ಅದು ಹೋರಿಯ ಮುಂಗಾಲುಗಳ ನಡುವೆ ಕೂತಿತ್ತು. ಒಂದು ಕಾಲನ್ನು ತಬ್ಬಿಕೊಂಡು ಏನೋ ಹೇಳುತ್ತಿತ್ತು. ಹೋರಿ ಮೆಲುಕು ಹಾಕುವುದನ್ನು ನಿಲ್ಲಿಸಿತ್ತು. ಕಣ್ಣಿನ ಮೇಲೆ ನೊಣ ಕೂತಿದ್ದರೂ ತಲೆ ಅಲ್ಲಾಡಿಸಿರಲಿಲ್ಲ. ಮಗುವಿಗಾಗಿಯೇ ಅದು ಹಾಗೆ ನಿಂತಿದೆ ಎಂದು ಶ್ವೇತಾಗೆ ತಿಳಿಯಿತು. ಮೆಲ್ಲಗೆ ಹೋಗಿ ಎತ್ತಿಕೊಂಡರೆ ಸಾಕು ಎಂಬುದೂ ತಿಳಿಯಿತು. ಅಷ್ಟರಲ್ಲಿ ಅವಳ ಬಾಯಿ ಚೀರಿಬಿಟ್ಟಿತ್ತು.

ಹೋರಿ ಜಿಗಿಯಿತು. ಮುಂದಕ್ಕೆ ಜಿಗಿದಿದ್ದರೆ ಮಗು ಗೊರಸಿನಡಿ ಸಿಗುತ್ತಿತ್ತು. ಅದು ಪಕ್ಕಕ್ಕೆ ಹಾರಿತು. ಮುಂಗಾಲು ಮೇವು ಹಾಕುವ ಕಲ್ಲಿನ ಗೋದಲಿಯೊಳಗೆ ಸಿಕ್ಕು, ಇಡೀ ಮೈಭಾರ ಅದರ ಮೇಲೆ ಬಿತ್ತು. ಒಣ ಕಟ್ಟಿಗೆ ಸೀಳಿದಂಥ ಸದ್ದಾಯಿತು. ಮಗು ಅಳಲೂ ಇಲ್ಲ.

ಹಿತ್ತಲಿನಿಂದ ಅತ್ತೆ ದಾನವ್ವ ಸಗಣಿಗೈಯಲ್ಲೇ ಓಡಿಬಂದಳು. ಹೋರಿಯ ಕಾಲು ನೋಡಿದಳು, ಮಗುವನ್ನು ಅವುಚಿಕೊಂಡ ಸೊಸೆಯನ್ನು ನೋಡಿದಳು. ಹತ್ತಿರ ಬಂದು ಎಂದಿನ ಪಿಸುದನಿಯಲ್ಲೇ ಹೇಳಿದಳು.

"ನೀ ಬಾಯಿ ಬಿಡಬ್ಯಾಡ. ಬೇಕಂತನ ಒದರಿದ್ಲು ಅಂತಾನ ಅವ. ಹಡದ ತಾಯಿ ನನ್ನ ಎಲ್ಲಿ ಕಳಸ್ತಾನ? ನಿನ್ನಾದ್ರ ತವರಿಗೆ ಕಳಸ್ತಾನ."

ಚನ್ನೇಶ ಹೊಲದಿಂದ ಬಂದ. ದನದ ಡಾಕ್ಟರೂ ಬಂದರು. ಎಲುಬು ಕೂಡುವುದಿಲ್ಲ, ನರಳಿಸುವುದು ಬೇಡ ಎಂದು ಹೇಳಿ ಸೂಜಿ ತೆಗೆದರು. ಹೋರಿಯ ತಲೆ ಚನ್ನೇಶನ ತೊಡೆಯ ಮೇಲಿತ್ತು. ಅದು ತಣ್ಣಗಾದ ಮೇಲೂ ಅವನು ಬಹಳ ಹೊತ್ತು ಏಳಲಿಲ್ಲ.

"ಯಾರ ಒದರಿದ್ರು?" ಎಂದು ಕೇಳಿದ.

"ನಾನಪಾ," ಎಂದಳು ದಾನವ್ವ. "ಕೂಸು ಕಂಡು ಎದಿ ಧಸಕ್ಕಂತು."

ಶ್ವೇತಾ ಬಾಯಿ ತೆರೆದಳು. ಚನ್ನೇಶ ಅವಳತ್ತ ತಿರುಗಿದ. ಅವಳು ಮಗುವಿನ ಅಂಗಿಗೆ ಹತ್ತಿದ ಹುಲ್ಲನ್ನು ತೆಗೆಯತೊಡಗಿದಳು.

ಮಧ್ಯಾಹ್ನ ಹೊಲದಲ್ಲಿ ಗುಂಡಿ ತೋಡಿದರು. ಹೋರಿಯನ್ನು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ ತಂದರು. ಹಿರೇಕೆರೂರು, ಹಾನಗಲ್ಲಿನಿಂದ ಅದರ ಓಟ ನೋಡಿದ್ದ ಹುಡುಗರು ಹೂವಿನ ಹಾರ ಹಿಡಿದು ಬಂದಿದ್ದರು. ಮಣ್ಣು ಕೊಡುವ ಮೊದಲು ಮನೆಯ ಹೆಣ್ಣುಮಗಳು ಅದರ ಹಣೆಗೆ ಅರಿಶಿನ ಕುಂಕುಮ ಹಚ್ಚಬೇಕು. ದಾನವ್ವ ತಾಟು ಹಿಡಿದು ಮುಂದೆ ಬಂದಾಗ ಚನ್ನೇಶ ಅಡ್ಡ ನಿಂತ.

"ನೀ ಮುಟ್ಟಬ್ಯಾಡಬೇ."

ಅವನು ಹೆಂಡತಿಯ ಕಡೆ ನೋಡಿದ.

"ನೀ ಹಚ್ಚು. ನೀ ಅದನ್ನ ಮಾರು ಅಂದಿದ್ದಿ, ಖರೆ. ಕೊಲ್ಲು ಅಂತ ಅಂದಿದ್ದಿಲ್ಲ."

ಶ್ವೇತಾ ಅತ್ತೆಯ ಮುಖ ನೋಡಿದಳು. ದಾನವ್ವ ತಾಟನ್ನು ಅವಳ ಮುಂದೆ ಹಿಡಿದು, ತಗೋ ಎಂಬಂತೆ ಕಣ್ಣಲ್ಲೇ ಹೇಳಿದಳು. ಶ್ವೇತಾ ಬಾಗಿ ಕೋಡುಗಳ ನಡುವೆ ಕುಂಕುಮ ಹಚ್ಚಿದಳು. ಆ ಹೋರಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಕೂದಲು ಮೆತ್ತಗಿತ್ತು.

ಹುಡುಗರು ಮಣ್ಣು ಎಳೆಯತೊಡಗಿದರು. ದಾನವ್ವ ತಾಟು ಹಿಡಿದುಕೊಂಡೇ ನಿಂತಿದ್ದಳು. ಮಗ ಅವಳತ್ತ ನೋಡದೆ, ಅವಳನ್ನು ಸುತ್ತಿ ಆಚೆ ಹೋದ.