ಕಪ್ಪು ಶಾಲು

ಸಿನಿಮಾ ನಿರ್ದೇಶಕ ಅಬೆಲಾರ್ದು ಸಾರ್ಮೆಂತು ಕ್ಯಾಮೆರಾವನ್ನು ಮರಳಿನಲ್ಲಿ ನೆಟ್ಟರೆ ಮುಗಿಯಿತು, ಅದು ಅಲ್ಲಾಡುವುದಿಲ್ಲ. ಹಾಡಿಲ್ಲ, ನಟರಿಲ್ಲ, ರೀಲು ಮುಗಿಯುವವರೆಗೆ ನಿಲ್ಲಿಸುವುದೂ ಇಲ್ಲ. ಮುಂದೆ ಏನೇ ನಡೆದರೂ ಯಾರೂ ಅಡ್ಡ ಹೋಗಕೂಡದು. ಈ ತಾಳ್ಮೆಗಾಗಿಯೇ ಲಿಸ್ಬನ್ನಿನವರು ಆತನನ್ನು ತಲೆಯ ಮೇಲೆ ಹೊತ್ತು ಮೆರೆಸಿದರು.

ಆ ತಾಳ್ಮೆ ಎಂಥದೆಂದು ಎರ್ಮೆಲಿಂಡಾಗೆ ಗೊತ್ತಿತ್ತು. ಅಪ್ಪನ ದೋಣಿ ಮುಳುಗಿದ ದಿನ ಅವಳ ಅವ್ವ ಕಪ್ಪು ಶಾಲು ಹೊದ್ದು ಇದೇ ಕಡಲ ದಂಡೆಯಲ್ಲಿ ಎದೆ ಬಡಿದುಕೊಂಡು ಅತ್ತು, ಅತ್ತು ಕುಸಿದು ಬಿದ್ದಿದ್ದಳು. ಓಡಿಬಂದ ಪುಟ್ಟ ಎರ್ಮೆಲಿಂಡಾಗೆ, ಅದನ್ನೆಲ್ಲ ಚಿತ್ರ ತೆಗೆಯುತ್ತಿದ್ದ ಈ ಮಹಾನುಭಾವ ಕೈ ಅಡ್ಡ ಹಿಡಿದಿದ್ದ. ಅವ್ವ ಮರಳು ಕಚ್ಚಿಕೊಂಡು ಬಿದ್ದೇ ಇದ್ದಳು. ಆ ದೃಶ್ಯಕ್ಕೇ ಆತನಿಗೆ ಹೆಸರು ಬಂತು.

ಈಗ ಮುದುಕನಾಗಿ ಕೊನೆಯ ಸಿನಿಮಾಕ್ಕೆಂದು ಬಂದಿದ್ದ. ಅವಳು ಸಾರ್ಡೀನು ಮೀನು ಹೆಚ್ಚುವುದನ್ನಷ್ಟೇ ತೆಗೆಯುತ್ತೇನೆ ಎಂದಿದ್ದಕ್ಕೆ ಅವಳು ಒಪ್ಪಿದ್ದಳು. ಕುಳಿತ ಮೇಲೆ ಕ್ಯಾಮೆರಾ ಓಡತೊಡಗಿತು. ಆಗ ಆತ ಕಪ್ಪು ಶಾಲು ಚಾಚಿದ.

"ಇದನ್ನ ಹೊದ್ಕೊಳ್ಳಮ್ಮ. ನಿಮ್ಮವ್ವನ ಹಾಗೇ ಕಾಣ್ತೀಯ."

ಎರ್ಮೆಲಿಂಡಾಳ ಮೈಯೆಲ್ಲ ಉರಿದುಹೋಯಿತು. ಗಂಡ ಅಮಾಂದಿಯು ನಸುಕಿನಲ್ಲೇ ಕಡಲಿಗಿಳಿದಿದ್ದ, ಇನ್ನೂ ತಿರುಗಿರಲಿಲ್ಲ. ಗಂಡ ನೀರಿನ ಮೇಲಿರುವಾಗ ಇಲ್ಲಿ ಯಾವ ಹೆಂಡತಿಯೂ ಕಪ್ಪು ಮುಟ್ಟುವುದಿಲ್ಲ. ಮುಟ್ಟಿದರೆ ಸಾವನ್ನು ಕರೆದ ಹಾಗೆ.

"ನನ್ನ ಗಂಡ ಕಡಲಲ್ಲಿದಾನೆ, ಸಾಹೇಬ್ರೆ."

"ಗೊತ್ತು, ಅದಕ್ಕೇ ಇವತ್ತು ಬಂದಿದ್ದು. ಆ ಭಯ ಮುಖದ ಮೇಲೆ ನಿಜವಾಗಿ ಇರ್ಬೇಕು."

"ಗೊತ್ತಿದ್ದೂ ತಂದ್ಯಾ?" ಅವಳು ಮೀನಿನ ಚಾಕು ಎಸೆದು ಎದ್ದಳು. "ನಮ್ಮವ್ವನ ಕಣ್ಣೀರು ಮಾರ್ಕೊಂಡು ದೊಡ್ಡ ಮನುಷ್ಯ ಆದೆ. ಈಗ ನನ್ನ ಗಂಡನ ಜೀವಕ್ಕೂ ಕಣ್ಣು ಹಾಕಿದ್ಯಾ, ನಾಚಿಕೆಗೆಟ್ಟವನೆ? ನಿನ್ನ ಹೆಂಡ್ತಿಗೆ ಹೊದಿಸು ಹೋಗು ಇದನ್ನ!"

"ನಿಲ್ಲಿಸ್ಬೇಡಿ, ಅದ್ಭುತವಾಗಿದೆ," ಎಂದು ಆತ ತನ್ನವರಿಗೆ ಪಿಸುಗುಟ್ಟಿದ. ಅವಳ ಕೋಪವೂ ಆತನಿಗೆ ಸರಕೇ!

ಅವಳು ಪಕ್ಕದಲ್ಲಿದ್ದ, ಮೀನು ಪೋಣಿಸಿ ಒಣಗಿಸುವ ಉದ್ದನೆಯ ಕಡ್ಡಿಯನ್ನೆತ್ತಿ ಆತನ ಕೈಯಲ್ಲಿದ್ದ ಶಾಲನ್ನು ಅದರ ತುದಿಯಿಂದಲೇ ಎಳೆದುಕೊಂಡಳು. ಬೆರಳು ಸೋಕದಂತೆ ಅದನ್ನು ಒಯ್ದು ಕ್ಯಾಮೆರಾದ ಕಣ್ಣಿನ ಮೇಲೆ ಬೀಳಿಸಿದಳು. ರೀಲು ಒಳಗೆ ಗರಗರ ಓಡುತ್ತಲೇ ಇತ್ತು.

"ಅಯ್ಯೋ, ಏನ್ ಮಾಡ್ದೆ!" ಮುದುಕ ತೆಗೆಯಲು ಧಾವಿಸಿದ.

ಎರ್ಮೆಲಿಂಡಾ ಕೈ ಅಡ್ಡ ಹಿಡಿದಳು, ಅಂದು ಆತ ಹಿಡಿದಿದ್ದ ಹಾಗೆಯೇ.

"ಅಡ್ಡ ಹೋಗಕೂಡದು. ರೀಲು ಮುಗೀಲಿ."

ಮುಗಿಯುವವರೆಗೂ ಅವಳು ಕೈ ಇಳಿಸಲಿಲ್ಲ. ಆಮೇಲೆ ತನ್ನ ಕೆಂಪು ಲಂಗ ಕೊಡವಿಕೊಂಡು, ಗಂಡನ ದೋಣಿ ಕಾಯಲು ದಕ್ಕೆಯ ಕಡೆಗೆ ನಡೆದಳು.