ಹಸಿರು ಕಾಮಾಲೆ

ನಮ್ಮ ಆಕಾಶ ಛಾಯಾಗ್ರಹಣ ಸಂಘದಲ್ಲಿ ನನಗೆ ‘ಬಣ್ಣದ ಮೇಷ್ಟ್ರು’ ಎಂದು ಹೆಸರು. ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷ ಬಣ್ಣ ನೋಡಿದವನೆಂದು ಕೊಟ್ಟದ್ದು. ಕೊಟ್ಟ ಮೇಲೆ ಕೇಳಬೇಕೆ, ತಲೆಗೆ ಕೋಡು ಮೂಡಿತು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಗೆ ಎಲ್ಲರೂ ತಮ್ಮ ಚಿತ್ರ ತರುತ್ತಾರೆ. ಊರ ದೀಪಗಳು ಆಕಾಶಕ್ಕೆ ಬಳಿದ ಬಣ್ಣವನ್ನು ತೆಗೆದು, ಕೆಂಪು, ಹಸಿರು, ನೀಲಿ ಮೂರನ್ನೂ ಸಮಕ್ಕೆ ತಂದು, ಹಿನ್ನೆಲೆಯನ್ನು ಬೂದು ಮಾಡುವುದನ್ನು ನಾನು ದೊಡ್ಡ ಪರದೆಯ ಮೇಲೆ ತೋರಿಸುತ್ತೇನೆ.

ಅವತ್ತು ರಫೂ ಅಕ್ಕನ ಸರದಿ. ಹರಿದ ಕೋಟಿಗೆ ಅದೇ ಬಣ್ಣದ ನೂಲು ಹುಡುಕಿ, ತೂತು ಇತ್ತೆಂದೇ ಗೊತ್ತಾಗದಂತೆ ನೇಯ್ದು ಮುಚ್ಚುವುದು ಅವರ ಕಸುಬು. ಸಂಘಕ್ಕೆ ಹೊಸಬರು. ಅವರು ತಂದ ಚಿತ್ರದಲ್ಲಿ ಗ್ಯಾಲಕ್ಸಿಯ ಪಕ್ಕಕ್ಕೆ ನೀಲಿಗೆ ತಿರುಗಿದ ಹಸಿರು ಮಬ್ಬೊಂದು ಬಾಗಿ ಮಲಗಿತ್ತು.

“ಆಕಾಶಕ್ಕೂ ಪಾಚಿ ಕಟ್ಟಿದೆಯಲ್ಲ ಅಕ್ಕಾ! ಬೀದಿ ದೀಪದ ಕೊಳೆ ಇದು,” ಎಂದೆ.

“ಒಂಬತ್ತು ದಿನ ತೆಗೆದಿದೀನಿ ಮೇಷ್ಟ್ರೇ, ಒಂಬತ್ತರಲ್ಲೂ ಅಲ್ಲೇ ಇದೆ. ಒಂದಿನ ಕ್ಯಾಮೆರಾನೇ ತಿರುಗಿಸಿಟ್ಟು ನೋಡಿದೆ. ಗ್ಯಾಲಕ್ಸಿ ಜೊತೆಗೇ ಅದೂ ತಿರುಗ್ತು.”

ದೀಪದ ಕೊಳೆಯಾಗಲಿ ಕ್ಯಾಮೆರಾದ ದೋಷವಾಗಲಿ ಹಾಗೆ ದಿನವೂ ಗ್ಯಾಲಕ್ಸಿಗೇ ಅಂಟಿಕೊಂಡಿರುವುದಿಲ್ಲ. ಇದು ಮೇಷ್ಟ್ರಿಗೆ ಗೊತ್ತಿರಬೇಕಾದ ಮೊದಲ ಪಾಠ. ಆದರೆ ಮೂವತ್ತು ಜನ ನೋಡುತ್ತಿದ್ದರು, ನಾಲಿಗೆಗೆ ಎಲುಬಿಲ್ಲ.

“ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ನಮ್ಮಕ್ಕನಿಗೆ ಬಂದಿರೋದು ಹಸಿರು ಕಾಮಾಲೆ. ಒಂದ್ಸಲ ಕಣ್ಣು ತೋರಿಸ್ಕೊಂಡುಬಿಡಿ!”

ಮಹಡಿಯೆಲ್ಲ ನಕ್ಕಿತು. ಅಕ್ಕನೂ ನಕ್ಕರು. ನಾನು ಮೌಸನ್ನು ನಾಲ್ಕು ಸಲ ಒತ್ತಿದೆ, ಮಬ್ಬು ಹೋಯಿತು. ಚಪ್ಪಾಳೆ ಬಿತ್ತು.

ನಾಲ್ಕು ತಿಂಗಳ ಮೇಲೆ, ಬೇರೆ ಯಾವುದೋ ದೇಶದ ಹವ್ಯಾಸಿಗಳ ಗುಂಪೊಂದು ಅದೇ ಗ್ಯಾಲಕ್ಸಿಯ ಪಕ್ಕದಲ್ಲಿ ಈವರೆಗೆ ಯಾರೂ ಗುರುತಿಸದ ಆಮ್ಲಜನಕದ ಮೋಡ ಕಂಡಿತೆಂದು ಸುದ್ದಿ ಬಂತು. ಅದೇ ಬಣ್ಣ, ಅದೇ ಬಾಗು. ಐದು ವರ್ಷಗಳಲ್ಲಿ ನಾನು ತೆಗೆದಿದ್ದ ಅದೇ ಗ್ಯಾಲಕ್ಸಿಯ ಹಳೆಯ ಚಿತ್ರಗಳನ್ನು ಹೊರತೆಗೆದೆ. ಹಿನ್ನೆಲೆಯನ್ನು ಮುಟ್ಟದೆ, ನಕ್ಷತ್ರಗಳ ಬಣ್ಣ ನೋಡಿಕೊಂಡೇ ಸಮತೋಲ ಮಾಡಿದೆ. ಮೋಡ ಎಲ್ಲದರಲ್ಲೂ ಇತ್ತು. ಪ್ರತಿ ವರ್ಷವೂ ನಾನೇ ಒರೆಸಿ ಹಾಕಿದ್ದೆ, ಒರೆಸುವುದನ್ನು ಮೂವತ್ತು ಜನಕ್ಕೆ ಕಲಿಸಿಯೂ ಇದ್ದೆ.

ಅಕ್ಕನ ಮೂಲ ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲಿ ತಾರೀಖಿನ ಸಮೇತ ಉಳಿದಿತ್ತು. ಅಳಿಸಿಬಿಟ್ಟರೆ ಕೇಳುವವರು ಯಾರು ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಮರುದಿನ ಅವರ ಅಂಗಡಿಗೆ ಹೋದೆ. ಕಿಟಕಿಯ ಬಳಿ ಗಿರಾಕಿಯೊಬ್ಬರ ಕಂದು ಕೋಟು ಹರಡಿತ್ತು. ಅಕ್ಕ ಅದರ ಮೇಲೆ ಎರಡು ನೂಲೆಳೆ ಇಟ್ಟು, “ಯಾವುದು ಸೇರುತ್ತೆ, ನೀವೇ ಹೇಳಿಬಿಡಿ,” ಎನ್ನುತ್ತಿದ್ದರು. ಗಿರಾಕಿ ಕಕ್ಕಾಬಿಕ್ಕಿಯಾಗಿ, ಒಳಗೆ ಹೊಲಿಯುತ್ತ ಕೂತಿದ್ದ ಅಕ್ಕನ ತಂಗಿಯ ಮುಖ ನೋಡಿದರು. ತಂಗಿ ಎದ್ದು ಬಂದು ಒಂದೆಳೆ ಆರಿಸಿಕೊಟ್ಟಳು.

ಸಂಘದಿಂದ ಬಂದೆನೆಂದದ್ದೇ, ನನ್ನನ್ನು ಬಾಗಿಲ ಬಳಿಯೇ ತಡೆದಳು. “ನೀವೇನಾ ಆ ಮೇಷ್ಟ್ರು? ನಾಲ್ಕು ತಿಂಗಳಿಂದ ಇದೇ ಪಾಡು. ಕಣ್ಣಿನ ಡಾಕ್ಟ್ರು ಏನೂ ಇಲ್ಲ ಅಂದ್ರು. ‘ಡಾಕ್ಟ್ರಿಗೇನು ಗೊತ್ತು, ಬಣ್ಣದ ಮೇಷ್ಟ್ರೇ ಹೇಳಿದಾರಲ್ಲ’ ಅಂತಾಳೆ ನಮ್ಮಕ್ಕ.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮೋಡದ ಸುದ್ದಿಯನ್ನಷ್ಟೇ ಹೇಳಲು ಹೋದವನು ನಾನು. ಇಷ್ಟು ಕಿತ್ತುಕೊಂಡಿದ್ದೇನೆಂದು ಗೊತ್ತೇ ಇರಲಿಲ್ಲ.

ಎಲ್ಲ ಹೇಳಿದೆ. “ನಿಮ್ಮ ಕಣ್ಣು ಸರಿಯಾಗೇ ಇತ್ತು ಅಕ್ಕಾ. ಸುಳ್ಳು ಹೇಳಿದ್ದು ನಾನು,” ಎಂದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, “ಹೋಗ್ಲಿ ಬಿಡಿ, ನೀವೇನು ಬೇಕಂತ ಮಾಡಿದ್ರಾ,” ಎಂದರು. ತಂಗಿ ಬಿಡಲಿಲ್ಲ. “ನಗಿಸಿದ್ದು ಮೂವತ್ತು ಜನರ ಮುಂದೆ, ತಪ್ಪಾಯ್ತು ಅನ್ನೋದು ಮಾತ್ರ ಅಂಗಡಿ ಒಳಗಾ?”

ಮುಂದಿನ ಸಭೆಗೆ ಇಬ್ಬರೂ ಬಂದರು. ಅಕ್ಕನ ಚಿತ್ರವನ್ನು ಪರದೆಗೆ ಹಾಕಿ, ಎದ್ದು ನಿಂತು, ಒಂದನ್ನೂ ಬಿಡದೆ ಹೇಳಿದೆ. ಅಳಿಸಬೇಕೆಂದುಕೊಂಡದ್ದನ್ನೂ ಹೇಳಿದೆ. ತಾರೀಖಿನೊಡನೆ ಚಿತ್ರವನ್ನು ಆ ಗುಂಪಿಗೆ ಕಳಿಸಿದ್ದೇನೆ, ಅವರಿಗಿಂತ ಮೊದಲು ಕಂಡವರು ಇವರು ಎಂದೆ. ಯಾರೂ ನಗಲಿಲ್ಲ. ಆಮೇಲೆ ನನ್ನ ಕುರ್ಚಿಯನ್ನು ಅಕ್ಕನಿಗೆ ಬಿಟ್ಟುಕೊಟ್ಟು, “ಇದರ ಬಣ್ಣ ನೀವೇ ಸರಿಮಾಡಿ ತೋರಿಸಿ,” ಎಂದು ಕೇಳಿಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕ ಕೂತರು. ಮೌಸಿನ ಮೇಲೆ ಕೈಯಿಟ್ಟುಕೊಂಡು ಪರದೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಹಿಂದಿನ ಸಾಲಿನತ್ತ ತಿರುಗಿದರು.

“ಇದು ಹಸಿರೇ ತಾನೇ? ನೀನೊಂದ್ಸಲ ನೋಡಿ ಹೇಳೇ.”

ತಂಗಿ ಪರದೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.