ನೋವಿನ ಸಾಲು

"ಇನ್ನೂ ಆ ಕಡೆ ಸರಿಯಿರಿ. ನಿಮ್ಮ ನೋವು ಇವರದಕ್ಕಿಂತ ಹೆಚ್ಚು," ಎಂದಳು ವಿಜಯಾ.

ಈಸ್ಟ್ ಹ್ಯಾಮಿನ ಆ ಇಂಗ್ಲಿಷ್ ತರಗತಿಯಲ್ಲಿ, ವಲಸೆ ಬಂದ ಐದು ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರಟ್ಟು, ರಟ್ಟಿನ ಮೇಲೆ ಒಂದು ಇಂಗ್ಲಿಷ್ ವಿಶೇಷಣ. ಮೊದಲು ಬರೀ ಇರುಸುಮುರುಸಿನ ಅನ್‌ಕಂಫರ್ಟಬಲ್, ಆಮೇಲೆ ಸೋರ್, ಪೇನ್‌ಫುಲ್, ಸಿವಿಯರ್. ಕೊನೆಯವಳದು ಅನ್‌ಬೇರಬಲ್, ತಡೆಯಲಾರದ್ದು. ಅವಳ ಬೆನ್ನು ಗೋಡೆಗೆ ಹತ್ತಿತ್ತು.

"ಎಲ್ಲಾ ನೋವೇ ಅಲ್ಲವೆ, ಟೀಚರ್?"

"ಅಲ್ಲ. ತಪ್ಪು ಪದ ಹೇಳಿದರೆ ಡಾಕ್ಟರು ಮನೆಗೆ ಕಳಿಸುತ್ತಾರೆ."

ಹೆಂಗಸರು ನಕ್ಕರು. ವಿಜಯಾ ರಟ್ಟುಗಳನ್ನು ಚೀಲಕ್ಕೆ ತುರುಕಿಕೊಂಡಳು. ಎರಡು ಗಂಟೆಗೆ ಅತ್ತೆಯನ್ನು ಜಿ.ಪಿ. ಡಾಕ್ಟರಿಗೆ ತೋರಿಸಬೇಕಿತ್ತು.

ಅತ್ತೆ ಚನ್ನಬಸವ್ವನಿಗೆ ಒಂದೂವರೆ ತಿಂಗಳಿಂದ ಹೊಟ್ಟೆನೋವು. ದುಭಾಷಿಯನ್ನು ಕೊಡುತ್ತೇವೆಂದು ಕ್ಲಿನಿಕ್ಕಿನವರು ಹೇಳಿದ್ದರು. ಬೇಡವೆಂದದ್ದು ವಿಜಯಾಳ ಗಂಡ. "ಮನ್ಯಾಗ ಇಂಗ್ಲಿಷ್ ಟೀಚರ್ ಇರಬೇಕಾದ್ರ ಹೊರಗಿನವ್ರು ಯಾಕ?"

ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಅತ್ತೆ ಎಚ್ಚರಿಸಿದಳು. "ಎಲ್ಲಾ ನೆಟ್ಟಗ ಹೇಳು. ಅರ್ಧಕ್ಕ ಬಿಡೂದು ನಿನ್ನ ಚಾಳಿ. ಬಸರೂ ಅರ್ಧಕ್ಕ ಬಿಟ್ಟಾಕಿ."

ವಿಜಯಾ ಗೋಡೆಯ ಮೇಲಿನ ಸೂಚನೆಗಳನ್ನು ಓದಿದಳು. ಎಲ್ಲವೂ ವ್ಯಾಕರಣಬದ್ಧವಾಗಿದ್ದವು.

ಡಾಕ್ಟರ್ ಕಂಪ್ಯೂಟರ್ ನೋಡುತ್ತಲೇ ನೋವು ಹೇಗಿದೆ ಎಂದು ಕೇಳಿದ. ವಿಜಯಾ ಅದನ್ನು ಅತ್ತೆಗೆ ಹೇಳಿದಳು.

"ಒಳಗ ಕುಡಗೋಲ ಹಾಕಿ ತಿರುವಿದಂಗ ಆಗತೈತಿ," ಎಂದಳು ಚನ್ನಬಸವ್ವ. "ರಾತ್ರಿ ಸೆರಗ ಬಾಯಾಗ ತುರುಕ್ಕೊಂಡು ಕುಂದರತೀನಿ, ಮಗನಿಗೆ ಕೇಳಬಾರದಂತ."

ಇದು ವಿಜಯಾಳಿಗೆ ಗೊತ್ತಿರಲಿಲ್ಲ. ಅವಳು ಮಲಗುವುದು ಅತ್ತೆಯ ಕೋಣೆಯ ಗೋಡೆಯ ಈಚೆಗೇ.

ವರ್ಷಗಳ ಹಿಂದೆ ಐದು ತಿಂಗಳ ಬಸಿರು ಇಳಿಯುತ್ತಿದ್ದ ದಿನ, ಧಾರವಾಡದಲ್ಲಿ, ಅವಳು ಬಾಯಿ ತೆರೆಯುವ ಮೊದಲೇ ಇದೇ ಹೆಂಗಸು ಡಾಕ್ಟರಿಗೆ ಉತ್ತರ ಕೊಟ್ಟಿದ್ದಳು. "ಏನಿಲ್ರೀ, ಭಾಳ ನಾಜೂಕ ಅದಾಳ. ಸುಮ್ನ ನರಳತಾಳ." ಆ ಒಂದು ವಿಶೇಷಣ ವಿಜಯಾಳನ್ನು ನಾಲ್ಕು ತಾಸು ಬೆಂಚಿನ ಮೇಲೆ ಕೂರಿಸಿತ್ತು.

ಬೆಳಗಿನ ಸಾಲು ಕಣ್ಣೆದುರು ನಿಂತಿತು. ಗೋಡೆಗೆ ಹತ್ತಿದವಳನ್ನು ಬಿಟ್ಟು, ವಿಜಯಾ ಮನಸ್ಸಿನಲ್ಲೇ ಒಬ್ಬೊಬ್ಬರನ್ನೇ ದಾಟಿ ಇನ್ನೊಂದು ತುದಿಗೆ ನಡೆದಳು.

"ಅನ್‌ಕಂಫರ್ಟಬಲ್," ಎಂದಳು. ಉಚ್ಚಾರದಲ್ಲಿ ಒಂದು ಕುಂದೂ ಇರಲಿಲ್ಲ.

ಡಾಕ್ಟರ್ ಹೊಟ್ಟೆ ಒತ್ತಿ ನೋಡಿದ. ಪರಗಂಡಸಿನೆದುರು ಚನ್ನಬಸವ್ವ ಹಲ್ಲು ಕಚ್ಚಿ ಸುಮ್ಮನಿದ್ದಳು. ಅವನು ಆಸಿಡಿಟಿಗೆ ಮಾತ್ರೆ ಬರೆದ. ಕಡಿಮೆಯಾಗದಿದ್ದರೆ ಒಂದು ತಿಂಗಳು ಬಿಟ್ಟು ಬರಬೇಕು.

"ನಾ ಅಷ್ಟುದ್ದ ಹೇಳಿದ್ನಿ. ನೀ ಒಂದ ಮಾತಿನ್ಯಾಗ ಮುಗಿಸಿದಿ?"

"ಇಂಗ್ಲಿಷಿನ್ಯಾಗ ಅಷ್ಟ ಸಾಕರಿ."

"ಎಲ್ಲಾ ತಿಳೀತೇನು ಅವಂಗ?"

"ತಿಳೀತರಿ."

"ಶಾಣ್ಯಾಕಿ ಇದ್ದೀ ಬಿಡು."

ಇಪ್ಪತ್ತು ವರ್ಷದಲ್ಲಿ ಅತ್ತೆ ಅವಳನ್ನು ಹೊಗಳಿದ್ದು ಅದೇ ಮೊದಲು.

ಬಸ್ಸಿನಲ್ಲಿ ಚನ್ನಬಸವ್ವನ ಹಣೆ ಬೆವರಿತು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಗಾಳಿ ಹಾಕ್ಕೊಳ್ಳಾಕ ಏನರ ಕೊಡವಾ," ಎಂದಳು. ವಿಜಯಾ ಚೀಲಕ್ಕೆ ಕೈಹಾಕಿ ಸಿಕ್ಕ ರಟ್ಟನ್ನು ಕೊಟ್ಟಳು.

ಎದುರಿನ ಸೀಟಿನ ಬಿಳಿಯ ಮುದುಕ ಕತ್ತು ವಾಲಿಸಿ ಅದನ್ನು ಓದಲು ನೋಡುತ್ತಿದ್ದ. ಆಗ ವಿಜಯಾಳಿಗೂ ಕಂಡಿತು. ಅನ್‌ಬೇರಬಲ್.

ಅವಳು ರಟ್ಟಿನತ್ತ ಕೈ ಚಾಚಿದಳು.

"ಅತ್ತೀ, ನೆಟ್ಟಗ ಹಿಡೀರಿ," ಎಂದಳು. "ತಲಿಕೆಳಗಾಗೈತಿ."

ಚನ್ನಬಸವ್ವ ರಟ್ಟನ್ನು ತಿರುವಿ ಹಿಡಿದು ಗಾಳಿ ಹಾಕಿಕೊಳ್ಳತೊಡಗಿದಳು. ಮುದುಕ ಓದಿದ; ಕಿಟಕಿಯ ಕಡೆಗೆ ಮುಖ ತಿರುಗಿಸಿದ.